ಸಕ್ಕರೆ ಹಂಚುವ ತನಕ ಏಳುವಂತಿಲ್ಲ

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದಿತ್ತು. ನನ್ನ ತಮ್ಮ ಮಲ್ಲಪ್ಪನ ಮಗಳು ಸವಿತಾಳ ಮದುವೆಯ ಮಾತುಕತೆಗೆಂದು ನಾವೆಲ್ಲ ತೊರಗಲ್ಲಿಗೆ ಹೋಗಿದ್ದೆವು. ಆ ದಿನ ನಡೆದದ್ದನ್ನು ನಮ್ಮ ಬೀಗರು ಇವತ್ತಿಗೂ ತಮಗೆ ತಿಳಿದಂತೆ ಉಪ್ಪುಖಾರ ಹಚ್ಚಿ ಹೇಳುತ್ತ ತಿರುಗುತ್ತಿದ್ದಾರೆ. ಆದಕಾರಣ ನಿಜಸಂಗತಿಯನ್ನು ಓದುಗರ ಮುಂದಿಡುವುದು ನನ್ನ ಕರ್ತವ್ಯವಾಗಿದೆ.

ಮೊದಲು ನನ್ನ ಪರಿಚಯ. ನಾನು ಸರಕಾರಿ ಬಸ್ಸಿನ ಖಾತೆಯಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ನಿವೃತ್ತನಾದವನು. ಕಿತ್ತೂರು, ರಾಮದುರ್ಗ, ಸವದತ್ತಿ, ಕಡೆಗೆ ಬೈಲಹೊಂಗಲದ ಬಸ್‌ಸ್ಟ್ಯಾಂಡುಗಳಲ್ಲಿ ಕಿಟಕಿಯ ಹಿಂದೆ ಕುಳಿತು, ಯಾವ ಗಾಡಿ ಯಾವ ಊರಿನ ಮೇಲೆ ಹಾಯ್ದು ಎಲ್ಲಿಗೆ ಹೋಗುತ್ತದೆಂದು ಮೈಕಿನಲ್ಲಿ ಕೂಗಿದ್ದೇ ನನ್ನ ಜೀವಮಾನದ ಸಾಧನೆ. ಅದರ ಜೊತೆಗೆ ಒಂದು ಧರ್ಮಯುದ್ಧವನ್ನೂ ಮಾಡಿದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಹೆಗಲ ಮೇಲಿನ ವಸ್ತ್ರ ಒಗೆದು ಸೀಟು ಹಿಡಿಯುವ ನಮ್ಮ ಜನರ ಚಟದ ವಿರುದ್ಧ. “ವಸ್ತ್ರಕ್ಕ ಟಿಕೆಟ್ ಇಲ್ರಿ, ವಸ್ತ್ರಕ್ಕ ಸೀಟೂ ಇಲ್ಲ” ಎಂದು ಮೈಕಿನಲ್ಲಿ ತೀರ್ಪು ಕೊಟ್ಟು ಕೊಟ್ಟು ಗಂಟಲು ಹರಿಯಿತು. ಒಬ್ಬನೂ ಕೇಳಲಿಲ್ಲ.

ನಾನು ನಿವೃತ್ತನಾಗಿ ಬಹಳ ದಿನವಾಗಿರಲಿಲ್ಲ, ನನ್ನ ಎರಡೂ ಕಿಡ್ನಿಗಳು ನಿವೃತ್ತಿ ತೆಗೆದುಕೊಂಡವು. ಅಂದಿನಿಂದ ವಾರಕ್ಕೆ ಎರಡು ಸಲ ಬೈಲಹೊಂಗಲದ ದವಾಖಾನೆಯಲ್ಲಿ ಡಯಾಲಿಸಿಸ್. ಮೈಯ ರಕ್ತ ಹೊರಗೆ ಹೋಗಿ, ಮಷೀನಿನಲ್ಲಿ ತೊಳೆಸಿಕೊಂಡು, ಮರಳಿ ಬರುತ್ತದೆ. ಹೋಗಿಬರುವ ಸರ್ವಿಸ್ಸಿಗೆ ಒಂದು ಒಳ್ಳೆಯ ರಸ್ತೆ ಬೇಕಲ್ಲ? ಮೊದಲು ಎಡಗೈಯಲ್ಲಿ ನರ ಜೋಡಿಸಿ ದಾರಿ ಮಾಡಿದರು. ಕೆಲವು ವರ್ಷ ನಡೆದು ಅದು ಮುಚ್ಚಿತು. ಬಲಗೈ ಅಷ್ಟು ದಿನವೂ ಬಾಳಲಿಲ್ಲ. ಕುತ್ತಿಗೆಯಲ್ಲಿ ಹಾಕಿದ ನಳಿಕೆ ಕೀವು ತುಂಬಿ ಚಳಿಜ್ವರ ತಂದಿತು. ಕಡೆಗೆ ಬೆಳಗಾವಿಯಲ್ಲಿ ನನ್ನ ಬಲತೊಡೆಯ ಚರ್ಮದ ಕೆಳಗೆ, ಕುದುರೆಯ ಲಾಳದ ಆಕಾರಕ್ಕೆ ಒಂದು ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ಕೂರಿಸಿದರು. ಅದರ ಒಂದು ತುದಿ ಹೃದಯದಿಂದ ರಕ್ತ ತರುವ ನಾಳಕ್ಕೆ, ಇನ್ನೊಂದು ತುದಿ ರಕ್ತ ಮರಳಿ ಒಯ್ಯುವ ನಾಳಕ್ಕೆ. ಅದಕ್ಕೆ ಗ್ರಾಫ್ಟ್ ಎನ್ನುತ್ತಾರೆ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟೇ: “ಇದನ್ನ ಜ್ವಾಕಿ ಮಾಡ್ರಿ. ಇದೂ ಹೋತಂದ್ರ ಮುಂದ ಸೂಜಿ ಎಲ್ಲಿ ಚುಚ್ಚೂದು ಅನ್ನೂದು ನಮಗೂ ಗೊತ್ತಿಲ್ಲ.”

ಆ ನಳಿಕೆಯಲ್ಲಿ ರಕ್ತ ಓಡುತ್ತಿರುವ ತನಕ ತೊಡೆಯ ಮೇಲೆ ಕೈಯಿಟ್ಟರೆ ಗುಂಯ್ ಎಂದು ನಡುಗುತ್ತದೆ. ನಿಂತ ಬಸ್ಸಿನ ಎಂಜಿನ್ ಚಾಲೂ ಇದ್ದಾಗ ಸೀಟಿನ ಕೆಳಗೆ ಗೊತ್ತಾಗುವ ನಡುಕದ ಹಾಗೆ. ಡಾಕ್ಟರರ ಭಾಷೆಯಲ್ಲಿ ಇದರ ಹೆಸರು ಥ್ರಿಲ್. ಪ್ರಾಯದಲ್ಲಿ ನನ್ನಲ್ಲಿ ಯಾರೂ ಕಾಣದ ಈ ಗುಣ ಮುಪ್ಪಿನಲ್ಲಿ ತೊಡೆಯಲ್ಲಿ ಸಿಕ್ಕಿತು. ದಿನಾ ಬೆಳಿಗ್ಗೆ ನನ್ನ ಹೆಂಡತಿ ಶಾಂತವ್ವ ಚಹಾದ ಬೋಗುಣಿ ಒಲೆಯ ಮೇಲಿಡುವ ಮೊದಲು ನನ್ನ ತೊಡೆಯ ಮೇಲೆ ಅಂಗೈಯಿಟ್ಟು ನೋಡುತ್ತಾಳೆ. “ಚಾಲೂ ಐತ್ರಿ” ಎಂದು ಹೇಳಿ ಒಳಗೆ ಹೋಗುತ್ತಾಳೆ. ನಮ್ಮ ಮನೆಯಲ್ಲಿ ಅದೇ ಸುಪ್ರಭಾತ.

ತೊರಗಲ್ಲಿಗೆ ಹೋಗುವ ಕೆಲವು ವಾರ ಮೊದಲಿನಿಂದ ಡಯಾಲಿಸಿಸ್ ಮಷೀನು ಆಗಾಗ ಕಿರುಚತೊಡಗಿತ್ತು. ಸೂಜಿ ತೆಗೆದ ಮೇಲೆ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಅಲ್ಲಿಯ ಸಿಸ್ಟರು, “ಕಾಕಾ, ನಳಿಕ್ಯಾಗ ಪ್ರೆಶರ್ ಹೆಚ್ಚಾಗೇತಿ, ಮುಂದ ಎಲ್ಲೋ ಸಣ್ಣ ಆಗಿರಬೇಕು. ಬೆಳಗಾವಿಗೆ ಹೋಗಿ ತೋರಿಸ್ಕೊಂಡ ಬರ್ರಿ” ಅಂದಿದ್ದರು. “ಮಾತುಕತಿ ಒಂದ ಮುಗೀಲಿ, ಹೋಗತೇನಿ” ಅಂದೆ. ಮನೆಯ ಹಿರಿಯನಾದವನಿಗೆ ಇಂತಹ ಜವಾಬ್ದಾರಿಗಳಿರುತ್ತವೆ.

ಇನ್ನು ಮಾತುಕತೆಯ ಪದ್ಧತಿ. ನಮ್ಮ ಕಡೆ ಹೆಣ್ಣಿನವರು, ಗಂಡಿನವರು ಜಮಖಾನೆ ಹಾಸಿಕೊಂಡು ಎದುರು ಬದುರು ಕೂಡುತ್ತಾರೆ. ಒಮ್ಮೆ ಕೂತ ಹಿರಿಯರು ಮಾತು ಮುಗಿದು ಸಕ್ಕರೆ ಹಂಚುವ ತನಕ ಏಳುವಂತಿಲ್ಲ. ನಡುವೆ ಎದ್ದರೆ ಸಂಬಂಧ ಮುರಿಯಿತೆಂದೇ ಅರ್ಥ. ಚಪ್ಪಲಿ ಮೆಟ್ಟಿದರಂತೂ ಮುಗಿದೇ ಹೋಯಿತು. ನನ್ನನ್ನು ಮುಂದಾಳು ಮಾಡಿದ್ದಕ್ಕೆ ನನ್ನ ವಿವೇಕವೇ ಕಾರಣವೆಂದು ನಾನು ತಿಳಿದಿದ್ದೆ. ದಾರಿಯಲ್ಲಿ ಮಲ್ಲಪ್ಪ ಉಳಿದವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: “ಅಣ್ಣ ಕುಂತ್ರ ಏಳೂದ ಇಲ್ಲ ನೋಡ್ರಿ. ಅವಗ ಹೊರಗ ಹೋಗೂ ಕೆಲಸನ ಇಲ್ಲಲ್ಲ!” ಕಿಡ್ನಿ ಹೋದವನಿಗೆ ಮೂತ್ರವಿಲ್ಲ, ಮೂತ್ರವಿಲ್ಲದವನು ಸಭೆಗೆ ಯೋಗ್ಯ. ನನ್ನ ಹಿರಿತನದ ತಳಹದಿ ಇದು.

ತೊರಗಲ್ಲಿನಲ್ಲಿ ಗಂಡಿನ ತಂದೆ ದ್ಯಾಮನಗೌಡರು ಬಾಗಿಲಲ್ಲೇ ನಿಂತಿದ್ದರು. ದೊಡ್ಡ ಆಳು, ದೊಡ್ಡ ಮೀಸೆ, ದೊಡ್ಡ ದನಿ. ನನ್ನ ಆರೋಗ್ಯದ ವಿಷಯ ಅವರಿಗೆ ಗೊತ್ತಿತ್ತು. “ಬೀಗರ, ನಿಮಗ ಆರಾಮಿಲ್ಲಂತ, ಕುರ್ಚಿ ಹಾಕಸ್ಲೇನು?” ಅಂದರು.

“ಬ್ಯಾಡ ಗೌಡ್ರ, ನೀವು ತಳಗ, ನಾ ಮ್ಯಾಲ ಕುಂತ್ರ ತಹಶೀಲ್ದಾರ ಬಂದ್ಹಂಗ ಕಾಣತೈತಿ” ಎಂದು ನಾನೂ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತೆ. ಬಹಳ ಹೊತ್ತು ಹಾಗೆ ಕೂಡಬಾರದೆಂದು ಡಾಕ್ಟರು ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಮಾತು ಬೇಗ ಮುಗಿಯುತ್ತದೆ ಅಂದುಕೊಂಡೆ.

ಉಳಿದದ್ದೆಲ್ಲ ಬೇಗನೇ ಮುಗಿಯಿತು. ಹುಡುಗ ಹುಡುಗಿ ಒಪ್ಪಿದ್ದರು. ಕೊಡುವ ತಗೊಳ್ಳುವ ಗೊಡವೆ ಇರಲಿಲ್ಲ. ಮದುವೆ ಎಲ್ಲಿ ಆಗಬೇಕೆಂಬಲ್ಲಿ ಗಾಡಿ ಕೆಟ್ಟು ನಿಂತಿತು. ನಮ್ಮ ಮಲ್ಲಪ್ಪ ಇರುವುದು ನಮ್ಮ ಹುಟ್ಟೂರು ನೇಸರಗಿಯಲ್ಲಿ, ಮನೆಯ ಮುಂದೆಯೇ ಹಂದರ ಹಾಕಬೇಕೆಂದು ಅವನ ಹಟ. ಗೌಡರು ತೊರಗಲ್ಲಿನ ಕೋಟೆಯ ಕಲ್ಲಿನ ಹಾಗೆ ಅಲುಗಲಿಲ್ಲ.

“ನಮ್ಮ ಮನಿತನದಾಗ ಯಾರ ಮದುವಿ ಅಕ್ಕಿಕಾಳೂ ಊರ ದಾಟಿ ಬಿದ್ದಿಲ್ರಿ.”

“ನಮ್ಮ ಹುಡಿಗೀನ ನಮ್ಮ ಹೊಸ್ತಲಾ ದಾಟಿಸಿ ನಾವ ಕಳಸವರ್ರಿ.”

“ಹಂಗಾದ್ರ ಕಳಸ್ರಿ, ತೊರಗಲ್ಲಿಗೆ!”

ಹೀಗೆ ಹೋಳಿಗೆಯ ವಾಸನೆ ಬರುವ ತನಕ ನಡೆಯಿತು. ನಡುನಡುವೆ ಚಹಾ, ಮಜ್ಜಿಗೆ, ಪಾನಕ. ನನಗೆ ನೀರು ಅಳತೆಯಲ್ಲಿ. ಬೇಡವೆಂದು ಕೈ ಮುಗಿದಾಗಲೆಲ್ಲ ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡು, ಬೀಗರು ಸಿಟ್ಟಾಗಿದ್ದಾರೆಂದು ತಿಳಿದರು. ಇಲ್ಲವೆಂದು ತೋರಿಸಲು ನಾನು ಇನ್ನಷ್ಟು ನೆಟ್ಟಗೆ, ಇನ್ನಷ್ಟು ಗಟ್ಟಿಯಾಗಿ ಕೂತೆ.

ಯಾವಾಗಲೋ ಅಭ್ಯಾಸಬಲದಿಂದ ಧೋತರದ ಮೇಲೆ ತೊಡೆಗೆ ಕೈಯಿಟ್ಟೆ. ಎಂಜಿನ್ ಬಂದಾಗಿತ್ತು.

ಕೈ ಸ್ವಲ್ಪ ಆಚೆ ಇಟ್ಟು ನೋಡಿದೆ, ಈಚೆ ಇಟ್ಟು ನೋಡಿದೆ. ಏನೂ ಇಲ್ಲ. ಬೆಳಿಗ್ಗೆಯಷ್ಟೇ ಗುಂಯ್ ಅನ್ನುತ್ತಿದ್ದ ನಳಿಕೆ ಚರ್ಮದಡಿ ಹಗ್ಗದ ತುಂಡಿನ ಹಾಗೆ ಬಿದ್ದುಕೊಂಡಿತ್ತು. ಇದು ಹೋದರೆ ಮುಂದೆ ದಾರಿಯಿಲ್ಲವೆಂದು ಡಾಕ್ಟರೇ ಹೇಳಿದ್ದರಲ್ಲ? ಏಳಬೇಕು. ಎದ್ದರೆ ಸವಿತಾಳ ಸಂಬಂಧ ಹೋಯಿತು. ಹೆಣ್ಣಿನ ಕಡೆಯ ಹಿರಿಯನೇ ಎದ್ದು ನಡೆದನೆಂಬ ಸುದ್ದಿ ಸಂಜೆಯ ಬಸ್ಸಿಗಿಂತ ಮೊದಲು ನೇಸರಗಿ ಮುಟ್ಟುತ್ತದೆ. ಇನ್ನೊಂದು ಅರ್ಧ ತಾಸು ಕೂತರೆ ಗೌಡರು ಬಗ್ಗಬಹುದು ಅಂದುಕೊಂಡೆ. ಹಾಗಂದುಕೊಂಡು ಕೂತೇಬಿಟ್ಟೆ. ಇಡೀ ಸರ್ವಿಸ್ಸಿನಲ್ಲಿ ಇಷ್ಟು ದಡ್ಡ ನಿರ್ಣಯ ನಾನು ತೆಗೆದುಕೊಂಡಿರಲಿಲ್ಲ.

ನನ್ನ ಕೈ ತೊಡೆಯ ಮೇಲೆ ತಡಕಾಡುತ್ತಿದ್ದುದನ್ನು ಒಳಗಿನ ಬಾಗಿಲ ಮರೆಯಿಂದ ಶಾಂತವ್ವ ನೋಡಿದ್ದಳು. ನಮ್ಮ ಮನೆತನದಲ್ಲಿ ಹೆಂಗಸರು ಗಂಡಸರ ಸಭೆಗೆ ಬರುವುದಿಲ್ಲ. ಬಂದರೂ ಮಾತಾಡುವುದಿಲ್ಲ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸೀದಾ ಬಂದು, ಜಮಖಾನೆಯ ನಡುವೆ ಕೂತು, ಎರಡೂ ಮನೆತನಗಳ ಸಮಸ್ತ ಹಿರಿಯರ ಸಮಕ್ಷಮದಲ್ಲಿ ಗಂಡನ ತೊಡೆಯ ಮೇಲೆ ಅಂಗೈ ಇಟ್ಟಳು.

ಗೌಡರು ಮೀಸೆಯ ಮೇಲಿನ ಕೈ ಹಾಗೇ ಹಿಡಿದರು. ಮಲ್ಲಪ್ಪ ಮಾಳಿಗೆಯ ಜಂತಿ ಎಣಿಸತೊಡಗಿದ.

“ಚಾಲೂ ಇಲ್ಲ” ಅಂದಳು ಶಾಂತವ್ವ. ಆಮೇಲೆ ನನ್ನ ಮುಖ ನೋಡಿ, “ಯಾವಾಗಿಂದ?” ಅಂದಳು.

“ಈಗ... ಸ್ವಲ್ಪ ಹೊತ್ತಾತು.”

“ಗೊತ್ತಿದ್ದೂ ಕುಂತೀರಿ?”

ಅವಳು ಸೊಂಟದ ಚೀಲದಿಂದ ಫೋನು ತೆಗೆದು ಬೈಲಹೊಂಗಲದ ಸಿಸ್ಟರಿಗೆ ಹಚ್ಚಿ, ಸ್ಪೀಕರ್ ಹಾಕಿ, ವಿಷಯ ಹೇಳಿದಳು. ಸಿಸ್ಟರ ದನಿ ಸಭೆಗೆಲ್ಲ ಕೇಳಿಸಿತು: “ಕಾಕೂ, ತಿಕ್ಕಬ್ಯಾಡ್ರಿ, ಶಾಖ ಕೊಡಬ್ಯಾಡ್ರಿ, ಏನೂ ಉಣ್ಣಾಕ ಕೊಡಬ್ಯಾಡ್ರಿ. ಒಳಗ ರಕ್ತ ಹೆಪ್ಪುಗಟ್ಟೇತಿ. ಹೊಸಾ ಹೆಪ್ಪಿದ್ದಾಗ ತಗಿಯೂದು ಹಗೂರ. ಸೀದಾ ಬೆಳಗಾವಿಗೆ ಕರಕೊಂಡ ಹೋಗ್ರಿ. ನಾ ಅಲ್ಲಿಗೆ ಫೋನ್ ಮಾಡಿ ಹೇಳತೇನಿ.”

ನಾನು ಗೌಡರಿಗೆ ಕೈಮುಗಿದೆ. “ಗೌಡ್ರ, ನಾ ಎದ್ರ ಮಾತು ಮುರದಂಗ ತಿಳೀಬ್ಯಾಡ್ರಿ...”

ಮೂಲೆಯಿಂದ ಗಂಡಿನ ಕಡೆಯ ಮುದುಕರೊಬ್ಬರು, “ಎದ್ರ ಎದ್ದಂಗನ ತಮ್ಮಾ. ಪದ್ಧತಿ ಪದ್ಧತಿ” ಎಂದು ಗೊಣಗಿದರು.

ಗೌಡರು ತಾವೇ ಮೊದಲು ಎದ್ದರು. ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು, ಝಾಡಿಸಿ, ನಾನು ಕೂತಿದ್ದ ಜಾಗದ ಮೇಲೆ ಹಾಸಿದರು. ತಲೆಯ ರುಮಾಲು ತೆಗೆದು ತಮ್ಮ ಜಾಗದಲ್ಲಿಟ್ಟರು.

“ಬೀಗರು ಎದ್ದಿಲ್ಲ, ನಾನೂ ಎದ್ದಿಲ್ಲ. ನೋಡ್ರಿ, ಜಾಗಾ ಹಿಡದೈತಿ. ನಾವು ಬರೂತನಕ ಉಳದವರು ಯಾರೂ ಏಳಂಗಿಲ್ಲ. ಹೋಳಿಗಿ ಕುಂತಲ್ಲೇ ನೀಡಿಸ್ಕೊಳ್ರಿ” ಅಂದರು.

ನನ್ನ ಜೀವಮಾನದ ತೀರ್ಪಿಗೆ ವಿರುದ್ಧವಾದ ಈ ಆಜ್ಞೆಯನ್ನು ನಾನು ಆಕ್ಷೇಪಿಸಬಹುದಿತ್ತು. ಆಕ್ಷೇಪಿಸಲಿಲ್ಲ.

ಗೌಡರೇ ಗಾಡಿ ಹೊಡೆದರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದೆ. ತಲೆ ಶಾಂತವ್ವನ ತೊಡೆಯ ಮೇಲೆ. ಮುನವಳ್ಳಿ ಬಂದಾಗ ಅಭ್ಯಾಸ ಬಿಡಲಾರದೆ, “ಗೌಡ್ರ, ಯರಗಟ್ಟಿ ಮ್ಯಾಲ ಬ್ಯಾಡ, ಬೈಲಹೊಂಗಲ ಮ್ಯಾಲ ಹೊಡೀರಿ” ಅಂದೆ.

“ಬೀಗರ, ಈಗ ನೀವು ಕಂಟ್ರೋಲರ್ ಅಲ್ಲ, ಪ್ಯಾಸೆಂಜರ್. ಸುಮ್ನ ಬಿದ್ಕೋರಿ” ಎಂದು ಅವರು ಯರಗಟ್ಟಿ ರಸ್ತೆಗೇ ತಿರುಗಿಸಿದರು. ನೇಸರಗಿ ದಾಟುವಾಗ ಕಿಟಕಿಯಿಂದ ಕೈ ತೋರಿಸಿ, “ಇದ ಏನ್ ನಿಮ್ಮ ಊರು? ಇಲ್ಲೆ ಹಂದರ ಹಾಕಾಕ ಜಾಗಾನರ ಎಲ್ಲೈತಿ?” ಎಂದು ಚುಚ್ಚಿದರು. ನಾನು ಮಲಗಿಕೊಂಡೇ ಎದುರು ವಾದಿಸಿ ಊರಿನ ಮರ್ಯಾದೆ ಕಾಯ್ದೆ. ಅಳು ತಡೆದುಕೊಂಡಿದ್ದ ಶಾಂತವ್ವ ಅಲ್ಲಿ ಮೊದಲ ಸಲ ನಕ್ಕಳು. ನನ್ನ ತೊಡೆಯ ಮೇಲಿನ ಕೈ ಮಾತ್ರ ತೆಗೆದಿರಲಿಲ್ಲ. ಎಲ್ಲಿಯಾದರೂ ತಾನಾಗೇ ಚಾಲೂ ಆದೀತೆಂದು ಕಾಯುತ್ತಿದ್ದಳು.

ಬೆಳಗಾವಿ ಮುಟ್ಟಿದಾಗ ಮಧ್ಯಾಹ್ನ. ರಕ್ತ ಪರೀಕ್ಷೆ ಮಾಡಿ, ತೊಡೆಯ ಮೇಲೆ ಸ್ಕ್ಯಾನಿಂಗ್ ಯಂತ್ರ ಆಡಿಸಿ, ಸೀದಾ ಒಳಗೆ ಒಯ್ದರು. ಈ ಕೆಲಸ ಕೊಯ್ಯುವ ಡಾಕ್ಟರರದಲ್ಲ, ಎಕ್ಸ್‌ರೇ ನೋಡಿಕೊಂಡು ಸೂಜಿತೂತಿನಿಂದಲೇ ರಿಪೇರಿ ಮಾಡುವ ಡಾಕ್ಟರರದು. ನಮಗೆ ಸಿಕ್ಕವರು ಒಬ್ಬ ಹೆಣ್ಣುಮಗಳು. ಸೀಸದ ಅಂಗಿ ತೊಟ್ಟು ಬಂದು, “ಅಜ್ಜಾರ, ಹೆದರಬ್ಯಾಡ್ರಿ” ಅಂದರು. ಅಜ್ಜ ಎಂಬ ಮಾತು ಸೂಜಿಗಿಂತ ಮೊದಲೇ ಚುಚ್ಚಿತು.

ಧೋತರ ಹೋಗಿ ಹಸಿರು ಬಟ್ಟೆ ಬಂತು. ಆ ಬಟ್ಟೆಯಲ್ಲಿ ಮುಖ್ಯವಾದ ಜಾಗಕ್ಕೇ ತೂತು ಬಿಟ್ಟಿದ್ದರು. ಅಪರಿಚಿತ ಹೆಂಗಸರ ಮುಂದೆ ಮೊಳಕಾಲು ತೋರಿಸದೆ ಬಾಳಿದ ನಾನು ಕಣ್ಣು ಮುಚ್ಚಿಕೊಂಡೆ. ನಾನು ಅವರನ್ನು ನೋಡದಿದ್ದರೆ ಅವರೂ ನನ್ನನ್ನು ನೋಡುವುದಿಲ್ಲವೆಂಬ ನಂಬಿಕೆಯಿಂದ.

ಜಾಗ ಮರಗಟ್ಟಿಸಿ ನಳಿಕೆಯೊಳಗೆ ಸೂಜಿ ಇಳಿಸಿದರು. ಹೆಪ್ಪು ಕರಗಿಸುವ ಔಷಧ ಬಿಟ್ಟು ಕಾಯ್ದರು. ಆಮೇಲೆ ಕೂದಲೆಳೆಯಂಥ ತಂತಿ ತೂರಿಸಿ ಉಳಿದ ಹೆಪ್ಪನ್ನು ಎಳೆದರು. “ಕಣ್ಣ ತಗೀರಿ, ಪರದೆ ಮ್ಯಾಲ ನಿಮ್ಮ ಕಾಲ ನೋಡ್ರಿ” ಅಂದರು. ನಳಿಕೆಯಲ್ಲಿ ಬಿಟ್ಟ ಬಣ್ಣ ಕಪ್ಪು ಗೆರೆಯಾಗಿ ಹರಿದುಬಂದು, ತಿರುವಿನಲ್ಲಿ ತಿರುಗಿ, ರಕ್ತನಾಳಕ್ಕೆ ಕೂಡುವ ಜಾಗದಲ್ಲಿ ದಾರದಷ್ಟು ತೆಳ್ಳಗಾಯಿತು.

“ಅಲ್ಲೆ ನೋಡ್ರಿ, ತುದಿ ಸಣ್ಣಾಗೇತಿ. ಇದು ತಿಂಗಳಾನುಗಟ್ಟಲೆ ಬೆಳದದ್ದು. ಇವತ್ತ ನೀವು ಕಾಲ ಮಡಿಚಿ ಕುಂತು ಉಳದಿದ್ದ ಸಂದೀನೂ ಮುಚ್ಚೀರಿ.”

ನನಗೆ ಒಂದೇ ನೋಟಕ್ಕೆ ಅರ್ಥವಾಯಿತು. ರಸ್ತೆ ಅಗಲ, ಸೇತುವೆ ಇಕ್ಕಟ್ಟು. ಇಂತಹ ಸೇತುವೆಯ ಕಾರಣ ಗಾಡಿ ತಡವಾದದ್ದಕ್ಕೆ ಸೇವೆಯುದ್ದಕ್ಕೂ ಬೈಗುಳ ತಿಂದವನು ನಾನು.

ಆ ಇಕ್ಕಟ್ಟಿನಲ್ಲಿ ಒಂದು ಪುಟ್ಟ ಬಲೂನು ಇಟ್ಟು ಊದಿದರು. ಪರದೆಯ ಮೇಲೆ ಬಲೂನಿನ ನಡು ಡಮರುವಿನಂತೆ ಚಿವುಟಿಕೊಂಡಿತ್ತು. “ಈಗ ನೋಯತೈತ್ರಿ” ಅಂದರು. ನೋಯಿತು. ನಾನು ಹೇಳಿದ ಮಾತು ಮೈಕಿನಲ್ಲಿ ಹೇಳುವಂಥದ್ದಲ್ಲ. ಡಮರುವಿನ ನಡು ಮೊದಲು ಬಗ್ಗಲಿಲ್ಲ. ಡಾಕ್ಟರು ತುಟಿ ಕಚ್ಚಿ ಇನ್ನೊಮ್ಮೆ ಒತ್ತಿದರು. ಇದು ಬಗ್ಗದಿದ್ದರೆ ಎಂದು ಯೋಚನೆ ಬಂತು. ಮುಂದಿನ ವಾಕ್ಯ ಯೋಚನೆಯಲ್ಲೂ ಬರಲಿಲ್ಲ. ಅಷ್ಟರಲ್ಲಿ ಚಿವುಟು ಬಿಟ್ಟಿತು, ಬಲೂನು ಸೌತೆಕಾಯಿಯಂತೆ ನೆಟ್ಟಗಾಯಿತು. ಮತ್ತೆ ಬಣ್ಣ ಬಿಟ್ಟರು. ಈ ಸಲ ಕಪ್ಪು ಗೆರೆ ಎಲ್ಲಿಯೂ ನಿಲ್ಲದೆ ಸರ್ರನೆ ದಾಟಿ ಹೋಯಿತು.

ಡಾಕ್ಟರು ನನ್ನ ಕೈಯನ್ನೇ ತಂದು ತೊಡೆಯ ಮೇಲಿಟ್ಟರು. ಗುಂಯ್.

ಹೊರಗೆ ತಂದು ಮಂಚದ ಮೇಲೆ ಹಾಕಿ, “ಕಾಲ ಮಡಚಂಗಿಲ್ಲ, ಏಳಂಗಿಲ್ಲ, ನಾವು ಹೇಳೂತನಕ” ಎಂದು ಕಟ್ಟಪ್ಪಣೆ ಮಾಡಿ ಹೋದರು. ಶಾಂತವ್ವ ಬಂದು ಅಂಗೈಯಿಟ್ಟು ನೋಡಿದಳು. ದಿನದ ಮಾತು ಹೇಳಲು ಬಾಯಿ ತೆರೆದಳು, ಹೊರಡಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಬದಲು ನಾನೇ, “ಚಾಲೂ ಐತಿ” ಅಂದೆ.

ರುಮಾಲಿಲ್ಲದ ತಲೆ, ವಸ್ತ್ರವಿಲ್ಲದ ಹೆಗಲು ಹೊತ್ತು ಗೌಡರು ಒಳಗೆ ಬಂದರು. ಸ್ಟೂಲು ಎಳೆದುಕೊಂಡು ಕೂತರು. “ನೋಡ್ರಿ ಬೀಗರ, ಡಾಕ್ಟರ ಏಳಂಗಿಲ್ಲಂತ ಹೇಳ್ಯಾರ. ಇದರಕಿಂತಾ ಛಲೋ ಸಭಾ ಎಲ್ಲಿ ಸಿಗತೈತಿ? ಮಾತ ಮುಗಸೂಣು.”

“ಗೌಡ್ರ, ನಾ ಮಲಗೇನಿ, ನೀವು ಕುಂತೀರಿ. ಸಮಾ ಆಗಂಗಿಲ್ಲ.”

“ನೇಸರಗೀನೂ ಬ್ಯಾಡ, ತೊರಗಲ್ಲೂ ಬ್ಯಾಡ. ಬೈಲಹೊಂಗಲದಾಗ ಮಾಡೂಣು.”

“ಯಾಕ್ರೀ, ಒಮ್ಮಿಂದೊಮ್ಮೆ?”

“ನಿಮ್ಮ ಮಷೀನು ಅಲ್ಲೇ ಐತೆಲ್ಲ! ಅಕ್ಕಿಕಾಳ ಹೊತ್ತಿಗೆ ನೀವು ಎದ್ದು ಹೋದ್ರ ನಾ ಎಷ್ಟಂತ ವಸ್ತ್ರ ಹಾಸ್ಲಿ?”

ಮಲ್ಲಪ್ಪನಿಗೆ ಫೋನು ಹಚ್ಚಿದೆ. ಅವನು ಎತ್ತಿದ ಕೂಡಲೇ, “ಅಣ್ಣಾ, ಚಾಲೂ ಆತೇನು?” ಅಂದ. ಆತು ಅಂದೆ. ಆ ಕಡೆ ಗದ್ದಲವೋ ಗದ್ದಲ. “ಅಣ್ಣಾ, ನಾವಿನ್ನೂ ಕುಂತೇವಿ! ಗೌಡ್ರ ಕಡಿ ಮುದುಕರಂತೂ ಹೊರಗ ಹೋಗಬೇಕಂತ ಒದ್ದ್ಯಾಡಾಕ ಹತ್ಯಾರ. ಲಗೂನ ಏನರ ಹೇಳ್ರಿ!” ಪದ್ಧತಿ ಪದ್ಧತಿ ಎಂದಿದ್ದವರು ಅವರೇ. ಬೈಲಹೊಂಗಲ ಎಂಬ ನಿರ್ಣಯವನ್ನು ನಾನು ಹಳೆಯ ದನಿಯಲ್ಲಿ ಪ್ರಕಟಿಸಿದೆ. ಮಲ್ಲಪ್ಪ ಒಂದು ಮಾತೂ ವಾದಿಸಲಿಲ್ಲ.

ದವಾಖಾನೆಯ ಕ್ಯಾಂಟೀನಿನಿಂದ ಗೌಡರು ಕಾಗದದಲ್ಲಿ ಸಕ್ಕರೆ ತಂದರು. ನನಗೆ ಶಾಂತವ್ವ ಲೆಕ್ಕಕ್ಕೆಂದು ನಾಲಿಗೆಯ ಮೇಲೆ ನಾಲ್ಕು ಹರಳು ಇಟ್ಟಳು. ಬಾಗಿಲಲ್ಲಿ ಹಾಯ್ದುಹೋಗುತ್ತಿದ್ದ ಡಾಕ್ಟರ ಕೈಗೂ ಗೌಡರು ಒಂದು ಚಿಟಿಕೆ ಹಾಕಿದರು. “ಇದೇನ್ರೀ?” ಅಂದರು ಅವರು. “ಮದುವಿ ನಿಕ್ಕಿ ಆತ್ರಿ ಮೇಡಂ, ನಿಮ್ಮ ಬಲೂನಿನಾಗ” ಎಂದರು ಗೌಡರು. ಬೀಗರು ಊರೂರು ಹೇಳುತ್ತ ತಿರುಗುವ ಕತೆಯಲ್ಲಿ ಬಲೂನು ಊದಿದವರೂ ತಾವೇ. ಅದು ಸುಳ್ಳು. ಉಳಿದದ್ದೆಲ್ಲ ನಿಜ.

ಸವಿತಾಳ ಮದುವೆ ಬೈಲಹೊಂಗಲದಲ್ಲಿ, ನನ್ನ ಮಷೀನಿನ ಸರದಿ ಇಲ್ಲದ ದಿನ ನಡೆಯಿತು. ಮುಂದಿನ ಸಾಲಿನಲ್ಲಿ ನನಗೆಂದು ಒಂದು ಕುರ್ಚಿ, ಅದರ ಮೇಲೆ ಗೌಡರ ವಸ್ತ್ರ. ಯಾರೋ ಕೂಡಲು ಹೋದರೆ ಗೌಡರು ಮಂಟಪದಿಂದಲೇ ಗದರಿದರು: “ಏ, ಅದು ಹಿಡದೈತಿ!”

ನಳಿಕೆಯ ತುದಿ ಮತ್ತೆ ಸಣ್ಣಗಾಗುವುದು ಅದರ ಸ್ವಭಾವವಂತೆ. ಆಮೇಲೆಯೂ ಬಲೂನು ಹಾಕಿಸಿಕೊಂಡು ಬಂದಿದ್ದೇನೆ. ಮಷೀನು ಕಿರುಚಿದರೆ ಈಗ ಯಾವ ಮಾತುಕತೆಯನ್ನೂ ಕಾಯುವುದಿಲ್ಲ. ಗೌಡರು ಪ್ರತಿ ಸಲವೂ ಗಾಡಿ ತಂದು, ಪ್ರತಿ ಸಲವೂ ಯರಗಟ್ಟಿ ಮೇಲೆಯೇ ಹೊಡೆಯುತ್ತಾರೆ. ಈ ದಾರಿ ಎಷ್ಟು ವರ್ಷ ನಡೆಯುತ್ತದೆಂದು ಡಾಕ್ಟರೂ ಹೇಳಿಲ್ಲ, ನಾನೂ ಕೇಳಿಲ್ಲ. ಬೆಳಿಗ್ಗೆ ಶಾಂತವ್ವ ಕೈಯಿಟ್ಟು ಚಾಲೂ ಐತಿ ಅಂದರೆ ಆ ದಿನದ ಮಟ್ಟಿಗೆ ನನ್ನ ಸೀಟು ನನಗಿದೆ.

ಕಡೆಯದಾಗಿ, ಬಸ್‌ಸ್ಟ್ಯಾಂಡುಗಳಲ್ಲಿ ನಾನು ಕೊಟ್ಟ ಹಳೆಯ ತೀರ್ಪನ್ನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ವಸ್ತ್ರ ಹಾಕಿದ ಜಾಗ ಹಿಡಿದ ಜಾಗವೇ. ಯಾರ ವಸ್ತ್ರ ಎಂಬುದನ್ನು ಮಾತ್ರ ನೋಡಬೇಕು.